ಸೆಲ್ಯುಲಾಯ್ಡ್ ಪೆನ್ ಯಾಕೆ ಅಷ್ಟು ದುಬಾರಿ? ಕೊಡಗಿನ ಮಳೆಗಾಲದಲ್ಲಿ ಹೇಗೆ ಇಡುವುದು?

ಮಡಿಕೇರಿಯಲ್ಲಿದ್ದೀರಿ, ಕೈಯಿಂದ ಮಾಡಿದ ಸೆಲ್ಯುಲಾಯ್ಡ್ ಇಂಕ್ ಪೆನ್ ಕೊಳ್ಳುವ ಯೋಚನೆ ಇದೆ ಎಂದಿದ್ದೀರಿ.

ಬೆಲೆಗೆ ಮುಖ್ಯ ಕಾರಣ ಸಮಯ. ಸೆಲ್ಯುಲೋಸ್ ನೈಟ್ರೇಟ್ ಎಂಬ ರಾಸಾಯನಿಕಕ್ಕೆ ಕರ್ಪೂರ ಬೆರೆಸಿದರೆ ಸೆಲ್ಯುಲಾಯ್ಡ್ ಅನ್ನುವ ಪ್ಲಾಸ್ಟಿಕ್. ಪೆನ್ ಮಾಡುವ ಹೊಸ ಸೆಲ್ಯುಲಾಯ್ಡ್ ಕಡ್ಡಿ ಒಣಗುತ್ತಾ ಕುಗ್ಗುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಒಣಗಲು ಬಿಟ್ಟು ಆಮೇಲೆ ಲೇತ್‌ಗೆ, ಅಂದರೆ ಕಡೆಯುವ ಯಂತ್ರಕ್ಕೆ, ಹಾಕಬೇಕು. ಅವಸರ ಮಾಡಿದರೆ ಪೆನ್ ಸೊಟ್ಟಗಾಗುತ್ತದೆ. ಬೆಂಕಿಯೂ ಬೇಗ ಹಿಡಿಯುತ್ತದೆ. ಇದರಿಂದಲೇ ದೊಡ್ಡ ಕಂಪನಿಗಳು ಬೇರೆ ಪ್ಲಾಸ್ಟಿಕ್‌ಗೆ ಹೋದವು.

ಆದರೂ ಜನ ಮರುಳಾಗುವುದು ಬಣ್ಣಕ್ಕೆ. 1920ರ ದಶಕದಲ್ಲಿ ಪೆನ್‌ಗಳಿಗೆ ಸೆಲ್ಯುಲಾಯ್ಡ್ ಬರುವ ತನಕ ಅವು ಹೆಚ್ಚಾಗಿ ಕಪ್ಪು ಎಬೊನೈಟ್‌ನವು, ಅಂದರೆ ಗಟ್ಟಿ ರಬ್ಬರಿನವು. ಬಣ್ಣಬಣ್ಣದ ತುಂಡುಗಳನ್ನು ಒತ್ತಿ ಬೆಸೆಯುವುದರಿಂದ ಒಳಗೆ ಆಳ ಕಾಣುತ್ತದೆ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಕ್ಯಾಪ್ ತೆಗೆದರೆ ಸಣ್ಣಗೆ ಕರ್ಪೂರದ ವಾಸನೆ. ಬರವಣಿಗೆ ಚೆನ್ನಾಗಾಗುತ್ತದೆ ಅನ್ನುವುದು ಮಾತ್ರ ಸುಮ್ನೆ ಮಾತು, ಅದು ನಿಬ್ಬಿನ ಕೆಲಸ.

ಇನ್ನು ಮಳೆಗಾಲ. ಬಟ್ಟೆಗೆ ಬೂಷ್ಟು ಹಿಡಿಯಬಾರದೆಂದು ನಮ್ಮ ಕಡೆ ಬೀರುವಿನೊಳಗೆ ಬಲ್ಬ್ ಉರಿಸುತ್ತೇವೆ ಅಲ್ವಾ, ಅಲ್ಲಿ ಇದನ್ನು ಇಡಲೇಬೇಡಿ. ಬಿಸಿಯೂ ಆಗದು, ತೇವವೂ ಆಗದು. ಗಾಳಿಯಾಡದ ಡಬ್ಬಿಯೂ ಬೇಡ. ಹಳೆಯದಾದಂತೆ ಸೆಲ್ಯುಲಾಯ್ಡ್ ಆಮ್ಲದ ಆವಿ ಬಿಡುತ್ತದೆ. ಅದು ಒಳಗೇ ಉಳಿದರೆ ಪೆನ್ ಬಿರುಕು ಬಿಟ್ಟು ಪುಡಿಯಾಗುತ್ತದೆ, ಕ್ಲಿಪ್ಪಿಗೂ ತುಕ್ಕು. ಮೇಜಿನ ಡ್ರಾಯರ್‌ನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಆಗಾಗ ತೆಗೆದು ಬರೆಯಿರಿ. ರಬ್ಬರ್ ಬ್ಯಾಂಡ್ ಮಾತ್ರ ಸುತ್ತಬೇಡಿ, ಬಣ್ಣ ಕೆಡುತ್ತದೆ.