ರಾತ್ರಿ ಹಾರುವವರಿಗೆ ಯಾರು ದಿಕ್ಕು?

ಪ್ರಶ್ನೆ: ಮಗ ಅಮೆರಿಕದ ಡಲ್ಲಾಸ್‌ನಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ಪ್ರೈವೇಟ್ ಪೈಲಟ್ ಲೈಸೆನ್ಸ್ ತಗೊಂಡ. ಈಗ ಶುಕ್ರವಾರ ಕತ್ತಲಾದ ಮೇಲೆ ಒಂದೇ ಎಂಜಿನ್ನಿನ ಬಾಡಿಗೆ ವಿಮಾನದಲ್ಲಿ ಸೊಸೆಯನ್ನು ಕೂರಿಸಿಕೊಂಡು ಆಸ್ಟಿನ್‌ಗೆ ಹೋಗುತ್ತಾನೆ. ನಮಗೆ ಇಲ್ಲಿ ಶನಿವಾರ ಬೆಳಿಗ್ಗೆ. ತಲುಪಿದೆ ಅಂತ ಫೋನ್ ಬರುವ ತನಕ ನನಗೆ ಕಾಫಿಯೂ ಸೇರುವುದಿಲ್ಲ. ಕೆಳಗಿಂದ ಯಾರಾದರೂ ಅವರನ್ನು ನೋಡ್ತಾ ಇರ್ತಾರಾ? (ಓದುಗರೊಬ್ಬರು, ಹಾಸನ)

ಉತ್ತರ: ನೋಡ್ತಾ ಇರ್ತಾರೆ ಅಮ್ಮ. ಆದರೆ ನಿಮ್ಮ ಮಗ ಕೇಳಿಕೊಂಡರೆ ಮಾತ್ರ ನಿಜವಾಗಿ ಗಮನ ಕೊಟ್ಟು ನೋಡುತ್ತಾರೆ. ಅಮೆರಿಕದಲ್ಲಿ ಹವಾಮಾನ ಚೆನ್ನಾಗಿದ್ದರೆ ಖಾಸಗಿ ಪೈಲಟ್ ರಾತ್ರಿಯೂ ತನ್ನ ಕಣ್ಣನ್ನೇ ನಂಬಿಕೊಂಡು ಹಾರಬಹುದು. ಏರ್‌ಪೋರ್ಟುಗಳ ಸುತ್ತ ನಿಯಂತ್ರಣ ಇರುವ ಆಕಾಶವನ್ನು ತಪ್ಪಿಸಿಕೊಂಡು ಹೋದರೆ, ದಾರಿಯುದ್ದಕ್ಕೂ ಯಾರ ಜೊತೆಗೂ ರೇಡಿಯೋದಲ್ಲಿ ಒಂದು ಮಾತೂ ಆಡದೆ ಹೋದರೂ ಕಾನೂನು ಏನೂ ಅನ್ನುವುದಿಲ್ಲ.

ಹಾಗೆ ಹೋಗಬಾರದು ಅಂತಲೇ 'ಫ್ಲೈಟ್ ಫಾಲೋಯಿಂಗ್' ಅನ್ನೋ ಸೌಲಭ್ಯ ಇದೆ. ನೆಲದ ಮೇಲೆ ಕೂತು ರೇಡಾರ್ ಪರದೆಯಲ್ಲಿ ವಿಮಾನಗಳನ್ನು ನೋಡಿಕೊಳ್ಳುವವರು ಕಂಟ್ರೋಲರ್. ಪೈಲಟ್ ರೇಡಿಯೋದಲ್ಲಿ ಅವರನ್ನು ಕರೆದು, ನನ್ನದು ಇಂಥ ವಿಮಾನ, ಇಂಥ ಕಡೆ ಇದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ, ಇಂಥ ಊರಿಗೆ ಹೋಗಬೇಕು ಅಂತ ಹೇಳಬೇಕು. ಅವರು ನಾಲ್ಕು ಅಂಕಿಯ ಕೋಡ್ ಕೊಡುತ್ತಾರೆ. ಅದನ್ನು ವಿಮಾನದ ಗುರುತನ್ನು ರೇಡಾರಿಗೆ ಕಳಿಸುವ ಟ್ರಾನ್ಸ್‌ಪಾಂಡರ್ ಅನ್ನೋ ಯಂತ್ರಕ್ಕೆ ಹಾಕಿದರೆ, ಅಲ್ಲಿಯವರೆಗೆ 1200 ಅನ್ನೋ ಎಲ್ಲರ ನಂಬರಿನಲ್ಲಿ ಪರದೆಯ ಮೇಲೆ ಓಡುತ್ತಿದ್ದ ಚುಕ್ಕೆ ಇನ್ನು ಮೇಲೆ ನಿಮ್ಮ ಮಗನ ವಿಮಾನ ಅಂತ ಗುರುತಾಗುತ್ತದೆ. ಆಮೇಲೆ ಒಬ್ಬ ಕಂಟ್ರೋಲರ್ ಮುಂದಿನವರಿಗೆ ಒಪ್ಪಿಸುತ್ತಾ ಹೋಗುತ್ತಾರೆ. ಎದುರಿಗೆ ಇನ್ನೊಂದು ವಿಮಾನ ಬಂದರೆ ಹೇಳುತ್ತಾರೆ. ತೀರಾ ಕೆಳಗಿಳಿದಿದ್ದು ಕಂಡರೆ ಎತ್ತರ ನೋಡಿಕೊಳ್ಳಿ ಅಂತ ಎಚ್ಚರಿಸುತ್ತಾರೆ. ಎಂಜಿನ್ ಕೈಕೊಟ್ಟರೆ ಹತ್ತಿರದ ರನ್‌ವೇ ಯಾವ ದಿಕ್ಕಿಗಿದೆ ಅಂತ ಹೇಳುವವರು ಆಗಲೇ ಲೈನಿನಲ್ಲಿರುತ್ತಾರೆ. ಇದಕ್ಕೆ ದುಡ್ಡಿಲ್ಲ. ಕೆಲಸ ಜಾಸ್ತಿ ಇದ್ದರೆ ಆಗುವುದಿಲ್ಲ ಅನ್ನಬಹುದು, ಅಷ್ಟೆ.

ಆದರೆ ಕಂಟ್ರೋಲರಿಗೆ ಕಾಣುವುದು ಚುಕ್ಕೆ ಮಾತ್ರ. ಒಳಗೆ ಕೂತವನ ಸ್ಥಿತಿ ಅವನೇ ಬಾಯಿಬಿಟ್ಟು ಹೇಳಬೇಕು. 1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಾವೇ ವಿಮಾನ ಹಾರಿಸುತ್ತಾ, ಹೆಂಡತಿ ಮತ್ತು ಆಕೆಯ ಅಕ್ಕನನ್ನು ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಮಾರ್ಥಾಸ್ ವಿನ್ಯಾರ್ಡ್ ದ್ವೀಪಕ್ಕೆ ಹೊರಟರು. ಬರೀ ಮೀಟರುಗಳನ್ನು ನೋಡಿ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್ ಅವರಿಗಿರಲಿಲ್ಲ. ಮಬ್ಬು ಕವಿದಿತ್ತು, ಕೆಳಗೆ ಸಮುದ್ರ, ನೀರೆಲ್ಲಿ ಆಕಾಶವೆಲ್ಲಿ ಗೊತ್ತಾಗದಂಥ ಕತ್ತಲೆ. ಅಂಥ ಹೊತ್ತಲ್ಲಿ ವಿಮಾನ ಒಂದು ಕಡೆ ವಾಲುತ್ತಿದ್ದರೂ ಕಿವಿಯೊಳಗಿನ ಸಮತೋಲನ 'ನೇರ ಇದ್ದೀಯ' ಅಂತಲೇ ಹೇಳುತ್ತಿರುತ್ತದೆ. ಹಾಗೇ ಹಿಡಿತ ತಪ್ಪಿ ಮೂವರೂ ತೀರಿಕೊಂಡರು. ಹೊರಟ ಏರ್‌ಪೋರ್ಟಿನ ಟವರ್ ಬಿಟ್ಟ ಮೇಲೆ ಅವರು ಯಾವ ಕಂಟ್ರೋಲರ್ ಜೊತೆಗೂ ಮಾತಾಡಿರಲಿಲ್ಲ. ಮಾತಾಡಿದ್ದರೆ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ. ಆದರೆ ಸಹಾಯ ಕೇಳುವ ದಾರಿಯೊಂದು ಕೈಯಲ್ಲಿತ್ತು, ಅದನ್ನು ಬಳಸಲಿಲ್ಲ. ನನಗೆ ಅದೇ ಸಂಕಟ.

ಮಗನ ಹತ್ತಿರ ಬೈಯದೆ ಕೇಳಿ ನೋಡಿ. ಫ್ಲೈಟ್ ಫಾಲೋಯಿಂಗ್ ತಗೊಳ್ತೀಯಾ? ಫ್ಲೈಟ್ ಪ್ಲಾನ್ ಕೊಡ್ತೀಯಾ? ಇವೆರಡೂ ಬೇರೆ ಬೇರೆ. ಪ್ಲಾನ್ ಅಂದರೆ ಎಲ್ಲಿಗೆ, ಎಷ್ಟು ಹೊತ್ತಿಗೆ ತಲುಪುತ್ತೇನೆ ಅಂತ ಮೊದಲೇ ಕೊಡುವ ವಿವರ. ಅದನ್ನು ಕೊಟ್ಟು ಹೊರಟವರು ತಲುಪಬೇಕಾದ ಸಮಯ ಮೀರಿ ಅರ್ಧ ಗಂಟೆಯಾದರೂ ತಲುಪಿದೆ ಅಂತ ತಿಳಿಸಿ ಅದನ್ನು ಮುಚ್ಚಿಸದಿದ್ದರೆ, ಇವರೆಲ್ಲಿ ಅಂತ ವಿಚಾರಿಸಲು ಶುರು ಮಾಡುತ್ತಾರೆ. ಹಾಗೇ, ರಾತ್ರಿ ಜನರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ರಾತ್ರಿ ಹೊತ್ತೇ ಮೂರು ಸಲ ಟೇಕಾಫ್ ಮಾಡಿ, ಇಳಿದು, ಪೂರ್ತಿ ನಿಲ್ಲಿಸಿರಬೇಕು ಅನ್ನೋ ನಿಯಮ ಇದೆ. ತಲುಪಿದ ಮೇಲೂ ಇನ್ನು 45 ನಿಮಿಷ ಹಾರುವಷ್ಟು ಇಂಧನ ಉಳಿಯುವಂತೆ ಲೆಕ್ಕ ಹಾಕಿ ಹೊರಡಬೇಕು. ಸೊಸೆ ಪಕ್ಕದಲ್ಲಿ ಕೂತಿರುವಾಗ ನಿಯಮ ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ವಿಮಾನ ಕಲಿಯುತ್ತಿದ್ದೇನೆ. ಹಾರಿಸುವುದಕ್ಕಿಂತ ರೇಡಿಯೋದಲ್ಲಿ ಮಾತಾಡುವುದೇ ಕಷ್ಟ. ರಾತ್ರಿ ದಾರಿ ತಪ್ಪಿದೆ ಅಂತ ಹೇಳಿದರೆ ಲೈಸೆನ್ಸ್‌ಗೆ ತೊಂದರೆ ಆಗುತ್ತಾ? ಟವರ್ ಮುಚ್ಚಿದ ಮೇಲೆ ಯಾರನ್ನು ಕರೆಯೋದು? (ಓದುಗರೊಬ್ಬರು, ಸ್ಯಾನ್ ಹೋಸೆ)

ಉತ್ತರ: ಈ ಭಯ ತುಂಬಾ ಜನರಿಗಿದೆ, ಮೊದಲು ಅದನ್ನು ಬಿಡಿ. ತುರ್ತು ಪರಿಸ್ಥಿತಿ ನಿಭಾಯಿಸಲು ಅಗತ್ಯ ಇರುವಷ್ಟು ಯಾವ ನಿಯಮವನ್ನಾದರೂ ಮೀರುವ ಅಧಿಕಾರ ಅಲ್ಲಿನ ಕಾನೂನೇ ಪೈಲಟ್‌ಗೆ ಕೊಟ್ಟಿದೆ. ಗೊತ್ತಿಲ್ಲದೆ ತಪ್ಪಾದರೆ ನಾಸಾ ನಡೆಸುವ ಸುರಕ್ಷತಾ ವರದಿ ವ್ಯವಸ್ಥೆಗೆ 10 ದಿನದೊಳಗೆ ಬರೆದು ಕಳಿಸಿ. 1976ರಿಂದ ಇರುವ ಏರ್ಪಾಡು ಅದು, ಹೆಸರು ಗುಟ್ಟಾಗಿಡುತ್ತಾರೆ. ಅಪಘಾತ, ಅಪರಾಧದಂಥ ಪ್ರಕರಣ ಅಲ್ಲದಿದ್ದರೆ ಸಾಮಾನ್ಯವಾಗಿ ಶಿಕ್ಷೆಯಿಂದಲೂ ವಿನಾಯಿತಿ ಸಿಗುತ್ತದೆ.

ಉಚ್ಚಾರಣೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಧಾನವಾಗಿ ಹೇಳಿ, 'ಸ್ಟುಡೆಂಟ್ ಪೈಲಟ್' ಅಂತ ಸೇರಿಸಿ, ಅವರೂ ನಿಧಾನಿಸುತ್ತಾರೆ. ಮುಖ್ಯವಾದ ಮಾತನ್ನು ಮಾತ್ರ ಸುತ್ತಿ ಬಳಸಿ ಹೇಳಬೇಡಿ. 1990ರ ಜನವರಿ 25ರ ರಾತ್ರಿ ಏವಿಯಾಂಕಾ 52 ಅನ್ನೋ ದೊಡ್ಡ ವಿಮಾನ ನ್ಯೂಯಾರ್ಕ್ ಹತ್ತಿರ ಇಂಧನ ಮುಗಿದು ಬಿತ್ತು, 73 ಜನ ಸತ್ತರು. ಇಂಧನ ಕಮ್ಮಿಯಾಗುತ್ತಿದೆ ಅಂತ ಅವರು ಹೇಳಿದ್ದರು. 'ಎಮರ್ಜೆನ್ಸಿ' ಅನ್ನೋ ಪದವನ್ನು ಕಂಟ್ರೋಲರಿಗೆ ಹೇಳಲೇ ಇಲ್ಲ. ಯಾವ ಫ್ರೀಕ್ವೆನ್ಸಿ ಅಂತ ತೋಚದಿದ್ದರೆ ತುರ್ತು ಕರೆಗೆಂದೇ 121.5 ಇದೆ, ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಕೋಡ್ 7700 ಇದೆ.

ಕೇಳಿದವರಿಗೆ ಕಂಟ್ರೋಲರ್ ಎಷ್ಟು ಮಾಡಬಲ್ಲರು ಅನ್ನೋದಕ್ಕೆ ಒಂದೇ ಉದಾಹರಣೆ. ದಿಕ್ಕು ತೋರಿಸುವ ಗೈರೋ ಕೆಟ್ಟುಹೋಗಿದೆ ಅಂತ ನೀವು ಹೇಳಿದರೆ ಅವರು ಡಿಗ್ರಿಗಳ ಲೆಕ್ಕ ಬಿಟ್ಟು, 'ಎಡಕ್ಕೆ ತಿರುಗಿ' ಅನ್ನುತ್ತಾರೆ. ರೇಡಾರ್ ನೋಡುತ್ತಾ ಇದ್ದು, ಸರಿಯಾದ ಹೊತ್ತಿಗೆ 'ತಿರುಗೋದು ನಿಲ್ಲಿಸಿ' ಅನ್ನುತ್ತಾರೆ. ಹೀಗೆಯೇ ರನ್‌ವೇ ತನಕ ಕರೆತರುತ್ತಾರೆ. ಹೀಗೆ ಜೀವ ಉಳಿಸಿದ ಕಂಟ್ರೋಲರ್‌ಗಳಿಗೆ ಅವರ ಸಂಘ ಆರ್ಚಿ ಲೀಗ್ ಹೆಸರಿನಲ್ಲಿ ಪದಕ ಕೊಡುತ್ತದೆ. ಈ ಆರ್ಚಿ ಲೀಗ್ 1929ರಲ್ಲಿ ಸೇಂಟ್ ಲೂಯಿಸ್ ಮೈದಾನದಲ್ಲಿ ಬಾವುಟ ಬೀಸಿ ವಿಮಾನಗಳನ್ನು ಬಿಡುತ್ತಿದ್ದ, ಅಮೆರಿಕದ ಮೊದಲ ಕಂಟ್ರೋಲರ್ ಅನ್ನಿಸಿಕೊಂಡ ಮನುಷ್ಯ.

ಇನ್ನು ಟವರ್ ವಿಷಯ. ಸಣ್ಣ ಊರುಗಳಲ್ಲಿ ರಾತ್ರಿ ಟವರ್ ಮುಚ್ಚಿದರೂ ದೂರದ ರೇಡಾರ್ ಕೇಂದ್ರದಲ್ಲಿ ಜನ ಇದ್ದೇ ಇರುತ್ತಾರೆ. ಇಳಿಯುವಾಗ ಮಾತ್ರ ಅವರು ನಿಮ್ಮನ್ನು ಆ ಊರಿನ ಫ್ರೀಕ್ವೆನ್ಸಿಗೆ ಬಿಟ್ಟುಕೊಡುತ್ತಾರೆ. ಎಷ್ಟೋ ಕಡೆ ದೀಪ ಹಚ್ಚುವುದೂ ನಿಮ್ಮದೇ ಕೆಲಸ. ಮೈಕಿನ ಬಟನ್ನನ್ನು 5 ಸೆಕೆಂಡಿನೊಳಗೆ 7 ಸಲ ಒತ್ತಿದರೆ ಕತ್ತಲಲ್ಲಿ ರನ್‌ವೇ ಝಗ್ಗನೆ ಬೆಳಗುತ್ತದೆ, 15 ನಿಮಿಷ ಇರುತ್ತದೆ. ಆಗಲೇ ಉರಿಯುತ್ತಿದ್ದರೂ ಇಳಿಯುವ ಮುಂಚೆ ಇನ್ನೊಮ್ಮೆ ಒತ್ತಿ. ಅದನ್ನು ಯಾರು ಯಾವಾಗ ಹಚ್ಚಿದ್ದೋ ಗೊತ್ತಿರುವುದಿಲ್ಲ, ನೀವು ನೆಲ ಮುಟ್ಟುವ ಹೊತ್ತಿಗೇ ಆರಿಬಿಟ್ಟರೆ?

ಪ್ರಶ್ನೆ: ನಮ್ಮ ದೇಶದಲ್ಲೂ ಹೀಗೆ ರಾತ್ರಿ ಹಾರಬಹುದಾ? (ವಿದ್ಯಾರ್ಥಿ, ಮೈಸೂರು)

ಉತ್ತರ: ಅಷ್ಟು ಸಲೀಸಾಗಿ ಇಲ್ಲ. ಇಲ್ಲಿ ಸೂರ್ಯ ಮುಳುಗಿ 20 ನಿಮಿಷವಾದ ಮೇಲೆ ಬರೀ ಕಣ್ಣಿನ ಅಂದಾಜಿನ ಹಾರಾಟ ನಿಲ್ಲಬೇಕು. ಏರ್‌ಪೋರ್ಟಿನ ಸುತ್ತಲೇ ನಡೆಯುವ ತರಬೇತಿಗೆ, ಲೋಕಲ್ ಹಾರಾಟಕ್ಕೆ ಕಂಟ್ರೋಲರ್ ಅನುಮತಿ ಕೊಡಬಹುದು. ದೂರ ಹೋಗಬೇಕಾದರೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕೇ ಬೇಕು. ರೇಡಿಯೋ ಮಾತುಕತೆಗೆ ಈಗಿಂದಲೇ ಕಿವಿ ಪಳಗಿಸಿಕೊಳ್ಳಬೇಕು ಅಂತಿದ್ದರೆ, ಅಮೆರಿಕದ ಪೈಲಟ್, ಕಂಟ್ರೋಲರ್‌ಗಳು ಆಡುವ ಮಾತು ಲೈವ್‌ಎಟಿಸಿ ತಾಣದಲ್ಲಿ ಸಿಗುತ್ತದೆ. ಬೆಳಿಗ್ಗೆ ಎದ್ದು ಹಾಕಿಕೊಂಡರೆ ಅಲ್ಲಿಯ ರಾತ್ರಿ ಪಾಳಿಯೇ ಕೇಳಿಸುತ್ತದೆ.