ಎಲೆಕ್ಟ್ರಾನ್ ಅಷ್ಟೊಂದು ನಿಧಾನವಾದರೆ ಬಲ್ಬ್ ತಕ್ಷಣ ಹತ್ತುವುದು ಹೇಗೆ?

ನೀವು ಕೇಳಿದ್ದರಲ್ಲಿ ಮೂರು ಪ್ರಶ್ನೆಗಳಿವೆ. ತಂತಿಯಲ್ಲಿ ಎಲೆಕ್ಟ್ರಾನ್‌ಗಳು ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಮುಂದೆ ಹೋಗುವುದಿಲ್ಲ ಎಂದು ಓದಿದ್ದೀರಿ. ಹಾಗಾದರೆ ಸ್ವಿಚ್ ಹಾಕಿದ ತಕ್ಷಣ ಬಲ್ಬ್ ಹತ್ತುವುದು ಹೇಗೆ? ಬಲ್ಬ್ ದಾಟಿದ ಮೇಲೆ ಕರೆಂಟ್ ಕಡಿಮೆಯಾಗಬೇಕಲ್ವಾ? ಎಲೆಕ್ಟ್ರಾನ್ ಮೈನಸ್‌ನಿಂದ ಪ್ಲಸ್ ಕಡೆಗೆ ಹೋಗುವಾಗ ಪುಸ್ತಕದಲ್ಲಿ ಬಾಣ ಉಲ್ಟಾ ಯಾಕೆ?

ನಾನು ಹೈಸ್ಕೂಲ್ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಈ ಪ್ರಶ್ನೆ ಕೇಳುವ ಮಕ್ಕಳು ಪಾಠವನ್ನು ನಿಜವಾಗಿ ಯೋಚಿಸಿ ಓದಿರುತ್ತಾರೆ. ಮೊದಲ ಎರಡು ಗೊಂದಲಗಳಿಗೂ ಬೇರು ಒಂದೇ. ತಂತಿ ಒಂದು ಖಾಲಿ ಪೈಪು, ಸ್ವಿಚ್ ಹಾಕಿದಾಗ ಅದರೊಳಗೆ ಎಲೆಕ್ಟ್ರಾನ್ ಬಂದು ತುಂಬಿಕೊಳ್ಳುತ್ತದೆ ಎಂಬ ಚಿತ್ರ ಮನಸ್ಸಿನಲ್ಲಿ ಕೂತಿರುತ್ತದೆ. ತಂತಿ ಯಾವತ್ತೂ ಖಾಲಿ ಇರುವುದಿಲ್ಲ.

ತಾಮ್ರದ ಪರಮಾಣುವನ್ನೇ ನೋಡಿ. ಅದರಲ್ಲಿ 29 ಎಲೆಕ್ಟ್ರಾನ್‌ಗಳು. 28 ಒಳಗಿನ ಕವಚಗಳಲ್ಲಿ ಗಟ್ಟಿಯಾಗಿ ಕೂತಿವೆ. ಉಳಿದ ಒಂದು ಹೊರಗಿನ ಕವಚದಲ್ಲಿ ಒಂಟಿಯಾಗಿದೆ. ಕೋಟಿಗಟ್ಟಲೆ ಪರಮಾಣುಗಳು ಒತ್ತೊತ್ತಾಗಿ ಸೇರಿ ಲೋಹದ ತುಂಡಾದಾಗ ಈ ಒಂಟಿ ಎಲೆಕ್ಟ್ರಾನ್ ಒಂದೇ ಪರಮಾಣುವಿಗೆ ಅಂಟಿಕೊಂಡಿರುವುದಿಲ್ಲ. ಇಡೀ ತುಂಡಿನ ತುಂಬ ಓಡಾಡಿಕೊಂಡಿರುತ್ತದೆ. ತಂತಿ ಸುಮ್ನೆ ಮೇಜಿನ ಮೇಲೆ ಬಿದ್ದಿರುವಾಗಲೂ ಅದರ ಒಳಗೆ ಓಡಾಡುವ ಎಲೆಕ್ಟ್ರಾನ್‌ಗಳು ಭರ್ತಿಯಾಗಿರುತ್ತವೆ. ಒಂದು ಘನ ಮಿಲಿಮೀಟರ್ ತಾಮ್ರದಲ್ಲಿ, ಅಂದರೆ ಸಾಸಿವೆಗಿಂತ ಚಿಕ್ಕ ಚೂರಿನಲ್ಲಿ, ಸುಮಾರು 8.5 ಲಕ್ಷ ಕೋಟಿ ಕೋಟಿ. ಇದು ಬರೆಯುವಾಗ ಆದ ತಪ್ಪಲ್ಲ, ಕೋಟಿ ಎರಡು ಸಲ ಬರಬೇಕು.

ಈಗ ಒಂದು ಲೆಕ್ಕ ಮಾಡೋಣ. ಪೆನ್ನು ಹಿಡಿದುಕೊಂಡು ನೀವೇ ಮಾಡಿದರೆ ಇನ್ನೂ ಒಳ್ಳೆಯದು. 1 ಆಂಪಿಯರ್ ಎಂದರೆ ಒಂದು ಜಾಗವನ್ನು ಪ್ರತಿ ಸೆಕೆಂಡಿಗೆ ಸುಮಾರು 62,500 ಕೋಟಿ ಕೋಟಿ ಎಲೆಕ್ಟ್ರಾನ್‌ಗಳು ದಾಟುವುದು. ತಂತಿಯ ಅಡ್ಡಕೊಯ್ತ 1 ಚದರ ಮಿಲಿಮೀಟರ್ ಇದೆ ಎಂದುಕೊಳ್ಳಿ. ಆಗ ಅದರ ಒಂದೊಂದು ಮಿಲಿಮೀಟರ್ ಉದ್ದದಲ್ಲೂ 8.5 ಲಕ್ಷ ಕೋಟಿ ಕೋಟಿ ಎಲೆಕ್ಟ್ರಾನ್ ಇರುತ್ತವೆ. ಸೆಕೆಂಡಿಗೆ 62,500 ಕೋಟಿ ಕೋಟಿಯಂತೆ ಅಷ್ಟೂ ದಾಟಲು 13.6 ಸೆಕೆಂಡ್ ಬೇಕು. ಅಂದರೆ ಒಂದು ಮಿಲಿಮೀಟರ್ ಮುಂದೆ ಸರಿಯಲು 13.6 ಸೆಕೆಂಡ್. ಒಂದು ಮೀಟರ್‌ಗೆ 13,600 ಸೆಕೆಂಡ್, ಹೆಚ್ಚುಕಡಿಮೆ ಮೂರು ಮುಕ್ಕಾಲು ಗಂಟೆ! ನೀವು ಓದಿದ್ದು ಸರಿಯಾಗಿಯೇ ಇದೆ. ಇಷ್ಟು ನಿಧಾನ ಯಾಕೆ ಎನ್ನುವುದೂ ಇದೇ ಲೆಕ್ಕದಲ್ಲಿ ಕಾಣುತ್ತದೆ. ಸಂಖ್ಯೆ ಅಷ್ಟು ದೊಡ್ಡದು, ಹಾಗಾಗಿ ಎಲ್ಲರೂ ಒಂಚೂರು ಸರಿದರೆ ಸಾಕು, 1 ಆಂಪಿಯರ್ ಆಗಿಬಿಡುತ್ತದೆ.

ಹಾಗೆಂದು ಒಂದೊಂದು ಎಲೆಕ್ಟ್ರಾನೂ ಸೋಮಾರಿ ಎಂದುಕೊಳ್ಳಬೇಡಿ. ತಾಮ್ರದೊಳಗೆ ಅವು ಸೆಕೆಂಡಿಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಅಡ್ಡಾದಿಡ್ಡಿ ಓಡುತ್ತಿರುತ್ತವೆ. ಎಲ್ಲ ದಿಕ್ಕಿಗೂ ಸಮನಾಗಿ ಓಡುವುದರಿಂದ ಒಟ್ಟಾರೆ ಎಲ್ಲಿಗೂ ಹೋದಂತಾಗುವುದಿಲ್ಲ. ದೀಪಕ್ಕೆ ಮುತ್ತುವ ಹುಳುಗಳ ಗುಂಪನ್ನು ನೆನೆಸಿಕೊಳ್ಳಿ. ಒಂದೊಂದು ಹುಳವೂ ಗಿರಗಿರನೆ ಸುತ್ತುತ್ತಿದೆ, ಗುಂಪು ಇದ್ದಲ್ಲೇ ಇದೆ. ಮೆಲ್ಲನೆ ಗಾಳಿ ಬೀಸಿದರೆ ಇಡೀ ಗುಂಪು ಒಂದು ಕಡೆಗೆ ತುಸು ವಾಲುತ್ತದೆ. ಆ ವಾಲುವ ವೇಗವೇ ನಮ್ಮ ಲೆಕ್ಕದಲ್ಲಿ ಬಂದದ್ದು. ಅದಕ್ಕೆ ಡ್ರಿಫ್ಟ್ ವೇಗ ಎನ್ನುತ್ತಾರೆ.

ಸರಿ, ಬಲ್ಬ್ ತಕ್ಷಣ ಹತ್ತುವುದು ಹೇಗೆ? ಸೈಕಲ್ ಚೈನು ನೋಡಿದ್ದೀರಲ್ಲ. ಪೆಡಲ್ ತುಳಿದ ಕೂಡಲೇ ಹಿಂದಿನ ಗಾಲಿ ತಿರುಗುತ್ತದೆ. ಪೆಡಲ್ ಹತ್ತಿರ ಇರುವ ಕೊಂಡಿ ತನ್ನವರೆಗೆ ಬರಲಿ ಎಂದು ಗಾಲಿ ಕಾಯುವುದಿಲ್ಲ. ಗಾಲಿಯ ಹತ್ತಿರ ಮೊದಲೇ ಕೊಂಡಿಗಳಿವೆ, ಅವೇ ಎಳೆಯುತ್ತವೆ. ಬಲ್ಬಿನ ತಂತುವಿನಲ್ಲೂ (ಫಿಲಮೆಂಟ್) ಹಾಗೆಯೇ. ಅದರಲ್ಲಿ ಮೊದಲೇ ಇದ್ದ ಎಲೆಕ್ಟ್ರಾನ್‌ಗಳೇ ಸರಿಯಲು ಶುರುಮಾಡಿ ಅದನ್ನು ಬಿಸಿ ಮಾಡುತ್ತವೆ. ಸ್ವಿಚ್ ಹತ್ತಿರದ ಎಲೆಕ್ಟ್ರಾನ್ ಬಲ್ಬ್ ತಲುಪಲೇಬೇಕು ಎಂದೇನೂ ಇಲ್ಲ.

ಆದರೆ ಚೈನಿನ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಎಲೆಕ್ಟ್ರಾನ್‌ಗಳು ಒಂದನ್ನೊಂದು ಮುಟ್ಟಿ ತಳ್ಳುವುದಿಲ್ಲ. ಸ್ವಿಚ್ ಹಾಕಿದಾಗ ತಂತಿಯ ಮೇಲ್ಮೈಯಲ್ಲಿ ವಿದ್ಯುತ್ ಆವೇಶಗಳ (ಚಾರ್ಜ್) ಹಂಚಿಕೆ ಚೂರು ಬದಲಾಗುತ್ತದೆ. ಅದರಿಂದ ಸುತ್ತಲಿನ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ. ಆ ಬದಲಾವಣೆಯ ಸುದ್ದಿ ತಂತಿಯ ಉದ್ದಕ್ಕೂ ಹರಡುವುದು ಬೆಳಕಿನ ವೇಗಕ್ಕೆ ಹೋಲಿಸಬಹುದಾದ ವೇಗದಲ್ಲಿ. ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಎಂದು ಹಿಡಿದರೂ 10 ಮೀಟರ್ ದೂರದ ಬಲ್ಬಿಗೆ ಸುದ್ದಿ ಮುಟ್ಟಲು ಸೆಕೆಂಡಿನ 2 ಕೋಟಿಯಲ್ಲಿ ಒಂದು ಪಾಲು ಸಾಕು. ನಿಜ ಹೇಳಬೇಕೆಂದರೆ ಹಳೆಯ ತಂತುವಿನ ಬಲ್ಬ್ ಅಷ್ಟು ಬೇಗ ಬೆಳಗುವುದೂ ಇಲ್ಲ. ಸುದ್ದಿ ಬಂದ ಮೇಲೆ ತಂತು ಬಿಸಿಯಾಗಬೇಕು. ಅದಕ್ಕೇ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ.

ಈ ವೇಗವನ್ನು ಅಳೆಯಲು 1746ರಲ್ಲಿ ಪ್ಯಾರಿಸ್‌ನಲ್ಲಿ ನೊಲೆ ಎಂಬ ವಿಜ್ಞಾನಿ ಕ್ರೈಸ್ತ ಸನ್ಯಾಸಿಗಳನ್ನು ಉದ್ದಕ್ಕೆ ಸಾಲಾಗಿ ನಿಲ್ಲಿಸಿ, ನಡುನಡುವೆ ಕಬ್ಬಿಣದ ತಂತಿ ಹಿಡಿಸಿ, ಆವೇಶವನ್ನು ಕೂಡಿಡುವ ಲೇಡನ್ ಜಾಡಿಯಿಂದ ಶಾಕ್ ಕೊಟ್ಟಿದ್ದರು. ಈ ತುದಿಯವರು ಮೊದಲು, ಆ ತುದಿಯವರು ಆಮೇಲೆ ಬೆಚ್ಚಲಿಲ್ಲ. ಎಲ್ಲರೂ ಒಟ್ಟಿಗೇ ಬೆಚ್ಚಿಬಿದ್ದರು. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವೇ ಇರಲಿಲ್ಲ.

ಬೆಳಕಿನ ವೇಗ ಇಲ್ಲಿ ಬಂದದ್ದು ಆಕಸ್ಮಿಕವೂ ಅಲ್ಲ. ವಿದ್ಯುತ್ತು ಮತ್ತು ಕಾಂತತ್ವದ ಸಮೀಕರಣಗಳಿಂದ ಅಲೆಯೊಂದರ ವೇಗವನ್ನು ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿದಾಗ ಬಂದ ಸಂಖ್ಯೆ, ಅಳೆದು ಗೊತ್ತಿದ್ದ ಬೆಳಕಿನ ವೇಗಕ್ಕೆ ತುಂಬ ಹತ್ತಿರವಿತ್ತು. ಬೆಳಕು ಎಂದರೆ ವಿದ್ಯುತ್ ಮತ್ತು ಕಾಂತಕ್ಷೇತ್ರಗಳ ಅಲೆ ಎಂದು ಅವರು 1865ರ ಪ್ರಬಂಧದಲ್ಲಿ ಬರೆದರು. ಪುಸ್ತಕದಲ್ಲಿ ವಿದ್ಯುತ್ತಿಗೊಂದು ಪಾಠ, ಬೆಳಕಿಗೊಂದು ಪಾಠ ಇಟ್ಟಿರುತ್ತಾರೆ. ನೀವು ಓದುವಾಗ ಆ ಎರಡರ ನಡುವಿನ ಗೋಡೆಯನ್ನು ತೆಗೆದುಬಿಡಿ.

ಬಲ್ಬ್ ದಾಟಿದ ಮೇಲೆ ಕರೆಂಟ್ ಕಡಿಮೆಯಾಗಬೇಕಲ್ವಾ ಎಂಬ ಎರಡನೇ ಪ್ರಶ್ನೆಗೆ ಮಾತಿಗಿಂತ ಪ್ರಯೋಗವೇ ಒಳ್ಳೆಯ ಉತ್ತರ. ಎರಡು ಶುಷ್ಕಕೋಶ (ಟಾರ್ಚಿಗೆ ಹಾಕುವ ಸೆಲ್), ಒಂದು ಟಾರ್ಚ್ ಬಲ್ಬ್, ತಂತಿ, ಒಂದು ದಿಕ್ಸೂಚಿ ತೆಗೆದುಕೊಳ್ಳಿ. ಬಲ್ಬಿನ ಒಂದು ಕಡೆಯ ತಂತಿಯನ್ನು ದಿಕ್ಸೂಚಿಯ ಮೇಲೆ, ಮುಳ್ಳಿನ ಉದ್ದಕ್ಕೇ, ಉತ್ತರ ದಕ್ಷಿಣವಾಗಿ ಹಾಸಿ. ಬಲ್ಬ್ ಹತ್ತಿಸಿ. ಮುಳ್ಳು ಒಂದಿಷ್ಟು ಡಿಗ್ರಿ ಪಕ್ಕಕ್ಕೆ ವಾಲುತ್ತದೆ. 1820ರಲ್ಲಿ ಅರ್‌ಸ್ಟೆಡ್ ಕಂಡದ್ದು ಇದನ್ನೇ. ಎಷ್ಟು ವಾಲಿತು ಎಂದು ಬರೆದುಕೊಳ್ಳಿ. ಈಗ ದಿಕ್ಸೂಚಿಯನ್ನು ಬಲ್ಬಿನ ಆ ಕಡೆಯ ತಂತಿಗೆ ಒಯ್ದು ಅದೇ ರೀತಿ ಇಡಿ, ತಂತಿಗೂ ಮುಳ್ಳಿಗೂ ಇರುವ ಅಂತರ ಬದಲಾಗದಿರಲಿ. ಮುಳ್ಳು ಅಷ್ಟೇ ವಾಲುತ್ತದೆ. ತಂತಿ ಹಾಸಿದ ದಿಕ್ಕು ತಿರುಗಿದ್ದರೆ ಇನ್ನೊಂದು ಪಕ್ಕಕ್ಕೆ ವಾಲೀತು, ಆದರೆ ಪ್ರಮಾಣ ಒಂದೇ.

ತರಗತಿಯಲ್ಲಿ ಇದನ್ನು ಮಾಡಿಸಿದಾಗ ಒಬ್ಬ ಹುಡುಗ ಮೂರು ಸಲ ದಿಕ್ಸೂಚಿಯನ್ನು ಆಚೆಗೂ ಈಚೆಗೂ ಇಟ್ಟು ನೋಡಿದ. ಆಮೇಲೆ ಕೇಳಿದ: "ಹಾಗಾದ್ರೆ ಬಲ್ಬ್ ತಿಂದಿದ್ದು ಏನನ್ನ ಸರ್?" ಅದೇ ಸರಿಯಾದ ಪ್ರಶ್ನೆ.

ತಿಂದದ್ದು ಶಕ್ತಿಯನ್ನು. ಎಲೆಕ್ಟ್ರಾನ್‌ಗಳು ಬಂದಷ್ಟೇ ಹೋಗುತ್ತವೆ, ಚೈನಿನ ಕೊಂಡಿಗಳು ಗಾಲಿಯಲ್ಲಿ ಸವೆದು ಮಾಯವಾಗುವುದಿಲ್ಲವಲ್ಲ, ಹಾಗೆ. ಆದರೆ ತುಳಿದವರ ಕಾಲಿನ ಶಕ್ತಿ ಗಾಲಿಗೆ ಸೇರುತ್ತದೆ. ಬಲ್ಬಿನ ಎರಡು ತುದಿಗಳ ನಡುವೆ 3 ವೋಲ್ಟ್ ಇದೆ ಎಂದರೆ, ಅದರ ಮೂಲಕ ಹಾದುಹೋಗುವ ಪ್ರತಿ ಕೂಲಂಬ್ ಆವೇಶವೂ 3 ಜೌಲ್ ಶಕ್ತಿಯನ್ನು ಅಲ್ಲಿ ಬಿಟ್ಟುಹೋಗುತ್ತದೆ ಎಂದರ್ಥ. ಖರ್ಚಿನ ಲೆಕ್ಕ ಸಿಗುವುದು ವೋಲ್ಟ್‌ನಲ್ಲಿ.

ನಮ್ಮ ಮಕ್ಕಳಿಗೆ ಇದು ಕಷ್ಟವಾಗಲು ಭಾಷೆಯೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಕರೆಂಟ್ ಹೋಯ್ತು, ಕರೆಂಟ್ ಬಂತು, ಕರೆಂಟ್ ಬಿಲ್ ಜಾಸ್ತಿ ಬಂತು ಎನ್ನುತ್ತೇವೆ. ವೋಲ್ಟೇಜ್, ಪ್ರವಾಹ, ಶಕ್ತಿ ಮೂರಕ್ಕೂ ಒಂದೇ ಪದ. ಬಿಲ್ಲಿನಲ್ಲಿರುವ ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಗಂಟೆ, 36 ಲಕ್ಷ ಜೌಲ್ ಶಕ್ತಿ. ಆಂಪಿಯರ್ ಅಲ್ಲ. ಓದುವಾಗ 'ಕರೆಂಟ್' ಎಂಬ ಪದ ಬಂದಲ್ಲೆಲ್ಲ ಈ ಮೂರರಲ್ಲಿ ಯಾವುದು ಎಂದು ಒಂದು ಕ್ಷಣ ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಪ್ರವಾಹ ಒಂದೇ ಆದರೆ ತಂತು ಮಾತ್ರ ಯಾಕೆ ಕೆಂಡವಾಗುತ್ತದೆ, ತಂತಿ ಯಾಕೆ ತಣ್ಣಗಿರುತ್ತದೆ? ತಂತು ಟಂಗ್‌ಸ್ಟನ್‌ನದು, ಕೂದಲಿಗಿಂತ ತೆಳು. ಅದರ ರೋಧ (ರೆಸಿಸ್ಟೆನ್ಸ್) ಜಾಸ್ತಿ. ಪ್ರವಾಹ ಒಂದೇ ಇದ್ದಾಗ ರೋಧ ಜಾಸ್ತಿ ಇರುವಲ್ಲೇ ಜಾಸ್ತಿ ಶಾಖ. ಇಲ್ಲಿ ಒಂದು ವಿಷಯ ಹೇಳಲೇಬೇಕು. 230 ವೋಲ್ಟ್, 60 ವ್ಯಾಟ್ ಎಂದು ಬರೆದಿರುವ ಹಳೆಯ ಬಲ್ಬಿನ ರೋಧವನ್ನು ಸೂತ್ರದಿಂದ ಲೆಕ್ಕ ಹಾಕಿದರೆ ಸುಮಾರು 880 ಓಮ್ ಬರುತ್ತದೆ. ಅದೇ ಬಲ್ಬನ್ನು ಹೋಲ್ಡರ್‌ನಿಂದ ಬಿಚ್ಚಿ, ತಣ್ಣಗಿರುವಾಗ ಮಲ್ಟಿಮೀಟರಿನಲ್ಲಿ ಅಳೆದೆ. ಅರವತ್ತು ಚಿಲ್ಲರೆ ಓಮ್ ತೋರಿಸಿತು. ಮೀಟರ್ ಕೆಟ್ಟಿರಲಿಲ್ಲ. ತಂತು ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಅದರ ಪರಮಾಣುಗಳು ಜೋರಾಗಿ ಕಂಪಿಸುತ್ತವೆ, ಎಲೆಕ್ಟ್ರಾನ್‌ಗಳಿಗೆ ಹೆಜ್ಜೆ ಹೆಜ್ಜೆಗೂ ಅಡ್ಡಿ. ರೋಧ ಹತ್ತು ಪಟ್ಟಿಗಿಂತ ಜಾಸ್ತಿ ಏರುತ್ತದೆ. ಇಂಥ ಬಲ್ಬುಗಳು ಉರಿಯುತ್ತಿರುವಾಗ ಸುಡುವುದಕ್ಕಿಂತ ಸ್ವಿಚ್ ಹಾಕಿದ ಕ್ಷಣದಲ್ಲೇ ಹೆಚ್ಚಾಗಿ ಸುಡುವುದು ಇದರಿಂದಲೇ. ಆ ಕ್ಷಣ ತಂತು ತಣ್ಣಗಿರುತ್ತದೆ, ರೋಧ ಕಡಿಮೆ, ಪ್ರವಾಹ ನುಗ್ಗುತ್ತದೆ.

ಎಲ್‌ಇಡಿಯ ದಾರಿ ಬೇರೆ, ನನಗೆ ತುಂಬ ಇಷ್ಟವಾದದ್ದು. ಅಲ್ಲಿ ಕಾಯಿಸುವ ಕೆಲಸವೇ ಇಲ್ಲ. ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟದಿಂದ ಕೆಳಗಿನದಕ್ಕೆ ಇಳಿಯುತ್ತದೆ, ಆ ಅಂತರದಷ್ಟು ಶಕ್ತಿ ಬೆಳಕಿನ ಒಂದು ಕಣವಾಗಿ ಹೊರಬೀಳುತ್ತದೆ. ಕೆಂಪು ಬೆಳಕಿನ ಕಣಕ್ಕೆ ಸುಮಾರು 1.9 ಎಲೆಕ್ಟ್ರಾನ್ ವೋಲ್ಟ್ ಬೇಕು, ನೀಲಿಗೆ ಸುಮಾರು 2.6. ಒಂದು ಎಲೆಕ್ಟ್ರಾನ್ 1 ವೋಲ್ಟ್ ದಾಟುವಾಗ ಸಿಗುವ ಶಕ್ತಿಯೇ 1 ಎಲೆಕ್ಟ್ರಾನ್ ವೋಲ್ಟ್. ಈಗ ಒಂದು 1.5 ವೋಲ್ಟ್ ಶುಷ್ಕಕೋಶಕ್ಕೆ ಕೆಂಪು ಎಲ್‌ಇಡಿ ಜೋಡಿಸಿ ನೋಡಿ. ಹತ್ತುವುದಿಲ್ಲ. ಎರಡು ಕೋಶಗಳನ್ನು ಸರಣಿಯಲ್ಲಿ ಹಾಕಿ, ಜೊತೆಗೆ 100 ಓಮ್‌ನ ರೋಧಕವೊಂದನ್ನು ಸೇರಿಸಿ. ಕೆಂಪು ಚೆನ್ನಾಗಿ ಬೆಳಗುತ್ತದೆ. ಅದೇ ಜಾಗದಲ್ಲಿ ನೀಲಿ ಹಾಕಿದರೆ ಮಂಕಾಗಿ ಮಿಣುಕುತ್ತದೆ. ಮೂರನೇ ಕೋಶ ಸೇರಿಸಿ, ನೀಲಿಯೂ ಬೆಳಗುತ್ತದೆ. ಬಣ್ಣಕ್ಕೂ ವೋಲ್ಟಿಗೂ ಸಂಬಂಧ ಇದೆ ಎಂದು ಕೈಯಲ್ಲಿ ಹಿಡಿದು ನೋಡುವುದು ಎಂದರೆ ಇದು. ವಿದ್ಯುತ್ತು, ಬೆಳಕು, ಪರಮಾಣು ಮೂರೂ ಪಾಠಗಳು ಆ ಪುಟ್ಟ ದೀಪದಲ್ಲಿ ಒಟ್ಟಿಗೆ ಕೂತಿವೆ.

ಮನೆಯ ಲೈನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿರುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಪ್ರವಾಹ. 50 ಹರ್ಟ್ಸ್ ಎಂದರೆ ಸೆಕೆಂಡಿಗೆ 50 ಸಲ ಆ ಕಡೆ ಈ ಕಡೆ ತೂಗಾಟ. ನಾವು ಲೆಕ್ಕ ಹಾಕಿದ ತಂತಿಯಲ್ಲೇ 1 ಆಂಪಿಯರ್ ಎಸಿ ಹರಿದರೆ ಎಲೆಕ್ಟ್ರಾನ್‌ಗಳ ಒಟ್ಟಾರೆ ತೂಗಾಟ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೂ ಇಲ್ಲ. ವಿದ್ಯುತ್ ಕೇಂದ್ರದಿಂದ ನಿಮ್ಮ ಬಲ್ಬಿಗೆ ಎಲೆಕ್ಟ್ರಾನ್ ಹರಿದು ಬರುವುದೇ ಇಲ್ಲ, ಬರುವುದು ಶಕ್ತಿ. ಆ ಶಕ್ತಿ ಸಾಗುವುದು ತಂತಿಯ ಸುತ್ತಲಿನ ಕ್ಷೇತ್ರದ ಮೂಲಕ ಎಂದು 1884ರಲ್ಲಿ ಪಾಯಿಂಟಿಂಗ್ ತೋರಿಸಿದರು. ಹತ್ತನೇ ತರಗತಿಗೆ ಇದು ಬೇಕಿಲ್ಲ, ಆದರೆ ಮುಂದೆ ಭೌತಶಾಸ್ತ್ರ ಓದುವುದಾದರೆ ಖಂಡಿತ ಸಿಗುತ್ತದೆ.

ಕೊನೆಗೆ ಬಾಣದ ದಿಕ್ಕು. ಪ್ಲಸ್, ಮೈನಸ್ ಹೆಸರು ಕೊಟ್ಟವರು 18ನೇ ಶತಮಾನದ ಬೆಂಜಮಿನ್ ಫ್ರಾಂಕ್ಲಿನ್. ಪ್ಲಸ್‌ನಿಂದ ಮೈನಸ್‌ಗೆ ಏನೋ ಹರಿಯುತ್ತದೆ ಎಂಬ ಊಹೆ ಅಲ್ಲಿಂದ ಬಂತು. ಎಲೆಕ್ಟ್ರಾನ್ ಇದೆ, ಅದರ ಆವೇಶ ಋಣ ಎಂದು ಥಾಮ್ಸನ್ ತೋರಿಸಿದ್ದು 1897ರಲ್ಲಿ. ಅಷ್ಟು ಹೊತ್ತಿಗೆ ಎಲ್ಲ ನಿಯಮಗಳೂ ಹಳೆಯ ದಿಕ್ಕಿನಲ್ಲೇ ಬರೆದಾಗಿತ್ತು. ಬದಲಿಸುವ ಅಗತ್ಯವೂ ಬೀಳಲಿಲ್ಲ, ಯಾಕೆಂದರೆ ಋಣ ಆವೇಶ ಎಡಕ್ಕೆ ಹೋದರೂ ಧನ ಆವೇಶ ಬಲಕ್ಕೆ ಹೋದರೂ ಮಂಡಲದ (ಸರ್ಕ್ಯೂಟ್) ಲೆಕ್ಕ ಒಂದೇ ಬರುತ್ತದೆ. ಪರೀಕ್ಷೆಯಲ್ಲಿ ಬಾಣ ಕೇಳಿದರೆ ಮಂಡಲದಲ್ಲಿ ಪ್ಲಸ್‌ನಿಂದ ಮೈನಸ್ ಕಡೆಗೆ ಹಾಕಿ. ತಂತಿಯ ಸುತ್ತಲಿನ ಕಾಂತಕ್ಷೇತ್ರದ ದಿಕ್ಕು ಹೇಳುವ ಬಲಗೈ ಹೆಬ್ಬೆರಳಿನ ನಿಯಮಕ್ಕೂ ಅದೇ ದಿಕ್ಕು. 'ಎಲೆಕ್ಟ್ರಾನ್ ಚಲಿಸುವ ದಿಕ್ಕು' ಎಂದು ಸ್ಪಷ್ಟವಾಗಿ ಕೇಳಿದ್ದರೆ ಮಾತ್ರ ತಿರುಗಿಸಿ.