ಹಲಗೆ ಹಾಕುವ ಹೊತ್ತು

ಸಂಪಾದಕರಿಗೆ ನಮಸ್ಕಾರ. ನಾನಿರುವುದು ತುಮಕೂರಿನಲ್ಲಿ, ತವರು ತಿಪಟೂರಿನ ಕಡೆ. ಯಜಮಾನರಿಗೆ ಗಾಣದ ಎಣ್ಣೆಯ ಸಣ್ಣ ಅಂಗಡಿ ಇದೆ. ನಾಲ್ಕು ವರ್ಷಗಳಿಂದ ನಾನು ಮನೆಯಲ್ಲೇ ಕೊಬ್ಬರಿ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಮಾಡಿ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂಲಕ ಮಾರುತ್ತಿದ್ದೇನೆ. ಪುಣೆ, ಹೈದರಾಬಾದಿಗೂ ಹೋಗುತ್ತದೆ. ದಿನಕ್ಕೊಂದು ವಿಡಿಯೊ ಹಾಕದಿದ್ದರೆ ಜನ ಮರೆತುಬಿಡುತ್ತಾರೆ ಎನ್ನುತ್ತಾಳೆ ನಾದಿನಿ. ಇದನ್ನೆಲ್ಲ ನಿಲ್ಲಿಸಿ ಮನೆ ನೋಡಿಕೋ ಎನ್ನುತ್ತಾರೆ ಯಜಮಾನರು. ಪೊಟ್ಟಣ ಒಂದು ದಿನ ತಡವಾಗಿದ್ದಕ್ಕೆ ಯಾರೋ ಗೂಗಲ್‌ನಲ್ಲಿ ಎರಡು ಸ್ಟಾರ್ ಕೊಟ್ಟರು, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಳೆದ ತಿಂಗಳು ಏಳು ವರ್ಷದ ಮಗಳು ಅಪ್ಪನ ಮೊಬೈಲಿನಿಂದ ನನ್ನ ವ್ಯಾಪಾರದ ನಂಬರಿಗೆ ‘ಅಮ್ಮ ಹಸಿವು’ ಎಂದು ಬರೆದಿದ್ದಳು. ನಾನು ಅಡುಗೆಮನೆಯಲ್ಲೇ ಪ್ಯಾಕಿಂಗ್ ಮಾಡುತ್ತಿದ್ದೆ. ಅವಳಿಗೆ ತಾನಾಗಿ ಹೋದ ಉತ್ತರ: ‘ನಿಮ್ಮ ಸಂದೇಶಕ್ಕೆ ಧನ್ಯವಾದಗಳು. ನಮ್ಮ ತಂಡ ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸುತ್ತದೆ.’ ವ್ಯಾಪಾರ, ಮನೆ, ಮೊಬೈಲು ಮೂರನ್ನೂ ಸರಿದೂಗಿಸುವುದು ಹೇಗೆ?
– ಹೆಸರು ಬೇಡ, ತುಮಕೂರು

ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಮುಗ್ಗರಿಸಿದ್ದು ‘ನಮ್ಮ ತಂಡ’ ಎಂಬಲ್ಲಿ. ಯಾವ ತಂಡ? ಕೊಬ್ಬರಿ ತುರಿಯುವವರು ನೀವು, ಮೆಣಸಿನಕಾಯಿ ಹುರಿದು ಕೆಮ್ಮುವವರು ನೀವು, ಪೊಟ್ಟಣ ತುಂಬಿ ಅಂಟಿಸುವವರು ನೀವು, ಕೊರಿಯರ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುವವರೂ ನೀವೇ. ತಂಡದಲ್ಲಿ ಇನ್ನೊಬ್ಬರಿದ್ದರೆ ಅದು ನಡುಮನೆಯಲ್ಲಿ ಹಸಿದು ಕುಳಿತಿದ್ದ ಆ ಹುಡುಗಿ. ಪತ್ರ ನಮಗೆ ತಲುಪಿದ ಹೊತ್ತನ್ನೂ ನೋಡಿದೆ: ರಾತ್ರಿ 12 ಗಂಟೆ 40 ನಿಮಿಷ. ಬೈಯಬೇಕೆಂದರೆ ಮೊದಲು ಅದಕ್ಕೇ ಬೈಯಬೇಕು. ಬೈಯುವ ಯೋಗ್ಯತೆ ನನಗಿದೆಯೇ ಎಂಬುದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

‘ಸರಿದೂಗಿಸುವುದು’ ಎಂಬ ಮಾತಿನ ಮೇಲೆ ಅಂಗಡಿಯವರ ಮನೆಯಲ್ಲಿ ಬೆಳೆದ ನನಗೆ ಹಳೆಯ ಅನುಮಾನವಿದೆ. ನಮ್ಮ ತಂದೆಗೆ ಮಂಡಿಪೇಟೆಯ ಒಂದು ಸಂದಿಯಲ್ಲಿ ಹುರಿಗಡಲೆ, ಬೆಲ್ಲ, ಹುಣಸೆಹಣ್ಣಿನ ಅಂಗಡಿ ಇತ್ತು. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತೆಂದರೆ ತೂಕ ಮುಗಿಯಿತು ಎಂದು ಅವರು ಯಾವತ್ತೂ ಎಣಿಸಿದವರಲ್ಲ. ಮುಳ್ಳು ನಿಂತ ಮೇಲೆ ಮೂರು ಬೆರಳಿನಲ್ಲಿ ಇನ್ನಷ್ಟು ಕಡಲೆ ಎತ್ತಿ ಹಾಕುವರು, ತಟ್ಟೆ ಗಿರಾಕಿಯ ಕಡೆಗೆ ವಾಲುವುದು. ಅದು ಕೊಸರು. ಕೇಳುವುದು ಗಿರಾಕಿಯ ಹಕ್ಕು, ಗೊಣಗಿಕೊಂಡೇ ಹಾಕುವುದು ಅಂಗಡಿಯವನ ಧರ್ಮ. ಸಮತೂಕವೆಂಬುದು ವ್ಯಾಪಾರದಲ್ಲೇ ಇರಲಿಲ್ಲ, ಇದ್ದದ್ದು ಯಾವ ಕಡೆಗೆ ವಾಲಿಸುವುದು ಎಂಬ ತೀರ್ಮಾನ. ನಿಮ್ಮ ಮನೆಯಲ್ಲಿ ದಿನದ ತೂಕವಷ್ಟೂ ಗಿರಾಕಿಗೆ ಹೋಗಿ ಮಗಳಿಗೆ ಕೊಸರು ಉಳಿದಿದೆ. ಅದನ್ನೂ ಅವಳು ಬಾಯಿಬಿಟ್ಟು ಕೇಳಬೇಕಾಗಿದೆ.

ಆ ಅಂಗಡಿಗೆ ಷಟರ್ ಇರಲಿಲ್ಲ. ಹನ್ನೊಂದು ಹಲಗೆಗಳು, ಒಂದೊಂದರ ಮೇಲೂ ಟಾರಿನಲ್ಲಿ ಬರೆದ ಅಂಕಿ. ಮೇಲೆ, ಕೆಳಗೆ ಮರದ ತೋಡು. ಒಂದನೆಯದನ್ನು ತೂರಿಸಿ ಎಡಕ್ಕೆ ತಳ್ಳಬೇಕು, ಆಮೇಲೆ ಎರಡನೆಯದು, ಮೂರನೆಯದು. ಏಳನೆಯದು ಮಳೆಗಾಲದಲ್ಲಿ ಉಬ್ಬಿಕೊಂಡು ಬುಡಕ್ಕೆ ಒದೆಯದೆ ಕೂರುತ್ತಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಆ ಒದೆತದ ಸದ್ದಿಗೆ ಅಮ್ಮ ಸಾರನ್ನು ಮತ್ತೆ ಒಲೆಗೆ ಏರಿಸುವಳು, ನಾವು ತಟ್ಟೆ ಇಡುವೆವು. ರಾತ್ರಿ ಎಂಟೂವರೆಗೆ ಅಪ್ಪ ಅಂಗಡಿಯವರಾಗಿರುವುದು ಮುಗಿಯುತ್ತಿತ್ತು. ಮುಗಿದದ್ದು ಬೀದಿಗೂ ಗೊತ್ತಾಗುತ್ತಿತ್ತು.

ಹಲಗೆ ಹಾಕಿದ ಮೇಲೂ ಬಡಿಯುವವರು ಇದ್ದೇ ಇರುತ್ತಿದ್ದರು. ‘ಯಾರು?’ ಎಂದು ಒಳಗಿನಿಂದಲೇ ಕೇಳುವರು. ಬಾಣಂತಿಗೆ ಓಮ, ಮಗುವಿನ ಹೊಟ್ಟೆನೋವಿಗೆ ಹಿಂಗು ಎಂದರೆ ಹನ್ನೊಂದನೆಯ ಹಲಗೆ ಮಾತ್ರ ಸರಿದು ಒಂದು ಕೈ ಹೊರಗೆ ಬರುವುದು. ಬೀಡಿ ಎಂದರೆ ‘ಬೆಳಿಗ್ಗೆ ಬಾರಪ್ಪ’. ಬೈಗುಳವೂ ಇಲ್ಲ, ಕ್ಷಮಾಪಣೆಯೂ ಇಲ್ಲ. ಮರುದಿನ ಅದೇ ಮನುಷ್ಯ ಬಂದು ಬೀಡಿ ಕೊಂಡು, ಕೊಸರಿಗೆ ನಾಲ್ಕು ಬೆಂಕಿಕಡ್ಡಿ ಕೇಳುತ್ತಿದ್ದ.

ನಿಮ್ಮ ಮೊಬೈಲಿಗೆ ಹಲಗೆ ಇಲ್ಲ. ಬಾಣಂತಿಯ ಓಮಕ್ಕೂ, ಹಾಸಿಗೆಯಲ್ಲಿ ಹೊರಳುತ್ತ ‘ರೇಟ್ ಎಷ್ಟು’ ಎಂದು ಬರೆಯುವ ಬೀಡಿ ಗಿರಾಕಿಗೂ ಅದರಲ್ಲಿ ಒಂದೇ ಸದ್ದು. 2014ರಲ್ಲಿ ವಾಟ್ಸ್‌ಆ್ಯಪ್‌ಗೆ ಆ ಎರಡು ನೀಲಿ ಗೆರೆ ಬಂದ ಮೇಲಂತೂ, ನೀವು ಒಳಗಿದ್ದೀರಿ, ಎಚ್ಚರವಾಗಿದ್ದೀರಿ, ಕೇಳಿಸಿಕೊಂಡೂ ಸುಮ್ಮನಿದ್ದೀರಿ ಎಂಬುದು ಬಡಿದವನಿಗೆ ತಿಳಿದುಹೋಗುತ್ತದೆ. ಅದನ್ನು ಆರಿಸಿಡಬಹುದು, ನಿಜ. ವ್ಯಾಪಾರಸ್ಥರಲ್ಲಿ ಆರಿಸಿದವರನ್ನು ನಾನು ಕಂಡಿಲ್ಲ.

ಮೊಬೈಲಿನ ಉಪಕಾರವನ್ನು ಅಲ್ಲಗಳೆಯುವಷ್ಟು ಹಟಮಾರಿ ನಾನಲ್ಲ. ತಿಪಟೂರಿನ ಕೊಬ್ಬರಿ ಮಧ್ಯವರ್ತಿಯಿಲ್ಲದೆ ಪುಣೆಯ ಅಡುಗೆಮನೆ ಸೇರುತ್ತದೆ, ಹಣ ನಿಮ್ಮದೇ ಹೆಸರಿನ ಖಾತೆಗೆ ಬರುತ್ತದೆ. ನಮ್ಮ ತಾಯಿಗೆ ಅಂಥದ್ದೊಂದು ಖಾತೆ ಇರಲಿಲ್ಲ. ಒಪ್ಪಿದೆ. ಮುಂದಕ್ಕೆ ಹೋಗೋಣ.

ನಿಮ್ಮ ನಾದಿನಿಯ ಮಾತು ನನ್ನನ್ನು ಕೆರಳಿಸಿತು. ಜನ ಮರೆಯುತ್ತಾರಂತೆ! ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಶುರುಮಾಡಿದ್ದು 2020ರ ಜುಲೈಯಲ್ಲಿ, ಟಿಕ್‌ಟಾಕ್ ನಿಷೇಧವಾದ ಬೆನ್ನಲ್ಲೇ. ಅದಕ್ಕೆ ಮೊದಲು ಈ ಜಿಲ್ಲೆಯಲ್ಲಿ ಯಾರೂ ಚಟ್ನಿಪುಡಿಯನ್ನು ನೆನಪಿಟ್ಟುಕೊಂಡಿರಲಿಲ್ಲವೇ? ಸಿದ್ಧಗಂಗೆಯ ಜಾತ್ರೆ ವರ್ಷಕ್ಕೊಮ್ಮೆ, ಶಿವರಾತ್ರಿಯ ಆಸುಪಾಸಿನಲ್ಲಿ. ಉಳಿದ ಹನ್ನೊಂದು ತಿಂಗಳು ಅದು ಯಾರ ಮನೆಗೂ ಹೋಗಿ ‘ನನ್ನನ್ನು ಮರೆಯಬೇಡಿ’ ಎನ್ನುವುದಿಲ್ಲ. ಎತ್ತು ಮಾರುವವರೂ ಕೊಳ್ಳುವವರೂ ಹೊತ್ತಿಗೆ ಸರಿಯಾಗಿ ಬಂದು ಗೂಟ ಹೊಡೆಯುತ್ತಾರೆ. ಕ್ಯಾತ್ಸಂದ್ರದಲ್ಲಿ ನಾನು ಹೋಗುವ ಒಂದು ತಟ್ಟೆ ಇಡ್ಲಿ ಹೋಟೆಲಿದೆ. ಹಿಟ್ಟು ತಳ ಕಂಡ ಮೇಲೆ ಬೆಂಗಳೂರಿನ ಕಾರು ಬಂದು ನಿಂತರೂ ‘ಆಯಿತು ಸ್ವಾಮಿ’ ಎಂದು ಪಾತ್ರೆ ತೊಳೆಯಲು ಕೂರುತ್ತಾರೆ. ಕಾರಿನವರು ಶಪಿಸಿಕೊಂಡು ಹೋಗುತ್ತಾರೆ, ಮುಂದಿನ ಭಾನುವಾರ ಒಂದು ಗಂಟೆ ಮೊದಲೇ ಹೊರಟು ಬರುತ್ತಾರೆ.

ತಿಪಟೂರಿನ ಮಗಳಿಗೆ ನಾನು ಇದನ್ನು ಹೇಳಬೇಕೇ? ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು–ಹನ್ನೆರಡು ತಿಂಗಳು ಮುಟ್ಟದೆ ಬಿಡುವ ಸೀಮೆ ನಿಮ್ಮದು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪನ್ನು ಬಿಟ್ಟುಕೊಳ್ಳಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ಅವಸರಕ್ಕೆ ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ, ನಾಲ್ಕು ದಿನದಲ್ಲಿ ಬೂಷ್ಟು. ವರ್ಷ ಕಾದ ಪದಾರ್ಥವನ್ನು ಮಾರುವವರು ಒಂದು ನಿಮಿಷ ತಡವಾಗಿ ಉತ್ತರಿಸಿದರೆ ಯಾರ ಗಂಟು ಹೋಗುತ್ತದೆ?

ಪ್ರಚಾರವೇ ಪಾಪ ಎನ್ನುವವನಲ್ಲ ನಾನು. ಇಲ್ಲಿಂದ ಸುಮಾರು 20 ಕಿಲೊಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನಾಡಿನ ಮನೆಮಾತು ಮಾಡಿದ ವೀರಣ್ಣನವರಿಗೆ ಪ್ರಚಾರ ಗೊತ್ತಿರಲಿಲ್ಲವೇ? ಮಹಾಭಾರತದ ಯುದ್ಧಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದ ಮನುಷ್ಯ ಅವರು. ಅಲ್ಲಿ ಸಂಸಾರವೂ ವ್ಯಾಪಾರವೂ ಒಂದೇ ಡೇರೆಯಲ್ಲಿ ಬಾಳಿದವು. ಪತ್ನಿ ಬಿ. ಜಯಮ್ಮ ಕಂಪನಿಯ ಹೆಸರಾಂತ ನಟಿ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅಲ್ಲೇ ಪಾತ್ರ ಮಾಡಿದರು, ಅವರ ಹಿಂದೆ ಬಂದ ಮಗ ಮುತ್ತುರಾಜ ಮುಂದೆ ರಾಜ್‌ಕುಮಾರ್ ಆದರು. ಆದರೆ ಎಷ್ಟೇ ಹೊತ್ತಾದರೂ ಅಲ್ಲಿ ಪರದೆ ಬೀಳುತ್ತಿತ್ತು. ದುರ್ಯೋಧನ ಗದೆ ಕೆಳಗಿಟ್ಟು, ಮುಖದ ಬಣ್ಣ ಒರೆಸಿಕೊಂಡು ಊಟಕ್ಕೆ ಕೂರುತ್ತಿದ್ದ. ನಿಮ್ಮ ನಾದಿನಿಯನ್ನು ಕೇಳಿದರೆ ದುರ್ಯೋಧನ ಉಣ್ಣುವುದನ್ನೂ ಚಿತ್ರಿಸಿ ಹಾಕಬೇಕು ಎಂದಾರು. ಕಳೆದ ವರ್ಷ ನಮ್ಮ ಕಚೇರಿಗೂ ಇಂಥ ಸಲಹೆಗಾರರೊಬ್ಬರು ಬಂದಿದ್ದರು. ಸಂಪಾದಕರು ಕಾಫಿ ಕುಡಿಯುತ್ತ ದಿನಕ್ಕೆ ಮೂವತ್ತು ಸೆಕೆಂಡು ಮಾತನಾಡಬೇಕು ಎಂದರು. ಮೂವತ್ತು ಸೆಕೆಂಡಿನಲ್ಲಿ ನನ್ನ ಕಾಫಿ ಆರುವುದೂ ಇಲ್ಲ.

ಇಷ್ಟು ಬರೆಯುವಾಗ ಅಪ್ಪನ ಅಂಗಡಿಗೆ ಚಿನ್ನದ ರೇಕು ಬಳಿಯುತ್ತಿದ್ದೇನೆ ಎಂಬ ಅರಿವು ನನಗಿದೆ. ಎಂಟೂವರೆಗೆ ಹಲಗೆ ಬೀಳುತ್ತಿದ್ದುದು ಅಪ್ಪನಿಗೆ. ಅಮ್ಮ ಮಧ್ಯಾಹ್ನವೆಲ್ಲ ಹಿತ್ತಲಿನಲ್ಲಿ ಕುಳಿತು ಹುಣಸೆಹಣ್ಣಿನ ಬೀಜ, ನಾರು ಬಿಡಿಸುತ್ತಿದ್ದಳು. ಸುಗ್ಗಿಯ ತಿಂಗಳುಗಳಲ್ಲಿ ಅವಳ ಉಗುರುಸಂದಿ ಕಪ್ಪು ಬಿಟ್ಟು ಬೇರೆ ಬಣ್ಣದಲ್ಲಿ ಇದ್ದುದನ್ನು ನಾನು ಕಂಡಿಲ್ಲ. ಅದನ್ನು ಯಾರೂ ಕೆಲಸವೆಂದು ಕರೆಯಲಿಲ್ಲ, ಕಾನೂನೂ ಕರೆಯಲಿಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ಬಂದದ್ದು 1961ರಲ್ಲಿ. ನೌಕರನಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು ಅದರಲ್ಲಿ ಅಚ್ಚುಕಟ್ಟಾಗಿ ಬರೆದಿದೆ. ಆದರೆ ‘ನೌಕರ’ ಎಂಬ ಪದದ ವ್ಯಾಖ್ಯೆಯಿಂದಲೇ ಮಾಲೀಕನ ಮನೆಯವರನ್ನು ಹೊರಗಿಟ್ಟಿದ್ದಾರೆ. ಹುಣಸೆ ಬಿಡಿಸುವ ಹೆಂಡತಿ ಅಲ್ಲಿ ಲೆಕ್ಕಕ್ಕೇ ಇಲ್ಲ. ಆಮೇಲೆ 2021ರ ಜನವರಿಯಲ್ಲಿ, ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿಗಳು ವರ್ಷವಿಡೀ ಹಗಲಿರುಳು ತೆರೆದಿರಬಹುದು ಎಂದು ಸರ್ಕಾರ ಅಪ್ಪಣೆ ಕೊಟ್ಟಿತು. ಅಪ್ಪಣೆ ದೊಡ್ಡವರಿಗೆ ಸಿಕ್ಕಿದರೂ ಚಾಳಿ ಹತ್ತಿದ್ದು ಎಲ್ಲರಿಗೂ.

ತೆರಿಗೆಯ ಪ್ರಶ್ನೆ ಬಂದಾಗ ಮಾತ್ರ ಸಣ್ಣವರು ಚೆನ್ನಾಗಿ ಕಣ್ಣಿಗೆ ಬೀಳುತ್ತಾರೆ. 2025ರ ಜುಲೈಯಲ್ಲಿ ಯುಪಿಐ ಮೂಲಕ ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದ ಅಂಗಡಿಗಳಿಗೆ ನೋಟಿಸು ಹೋದದ್ದು ನಿಮಗೆ ನೆನಪಿರಬಹುದು. ಬೇಕರಿಯವರು, ಕಾಂಡಿಮೆಂಟ್ಸ್‌ನವರು ಸ್ಕ್ಯಾನರ್ ಮರೆಮಾಡಿ ‘ನಗದು ಮಾತ್ರ’ ಎಂದು ಹಾಳೆ ಅಂಟಿಸಿದರು. ಗಲಾಟೆಯಾದ ಮೇಲೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಸರ್ಕಾರ ಹಿಂದೆ ಸರಿಯಿತು. ಐದು ರೂಪಾಯಿಯ ಬನ್ನನ್ನೂ ಎಣಿಸಬಲ್ಲ ಯಂತ್ರ ಬಂದಿದೆ. ಆ ಬನ್ನು ಬೇಯಿಸಲು ಬೇಕರಿಯವನ ಹೆಂಡತಿ ಎದ್ದ ಹೊತ್ತನ್ನು ಎಣಿಸುವುದು ಇನ್ನೂ ಬಂದಿಲ್ಲ. ಇನ್ನು ಆ ಎರಡು ಸ್ಟಾರ್. ನಮ್ಮಲ್ಲಿ ನಕ್ಷತ್ರ ಕೇಳುತ್ತಿದ್ದುದು ಹೆಣ್ಣು–ಗಂಡಿನ ಸಂಬಂಧ ಕೂಡಿಸುವಾಗ, ಈಗ ಚಟ್ನಿಪುಡಿಗೂ ಜಾತಕ ಬರೆಸಬೇಕಾಗಿದೆ. ತಡಮಾಡಿದ್ದು ಕೊರಿಯರಿನವರು, ನಿದ್ದೆಗೆಟ್ಟವರು ನೀವು.

ನಿಮ್ಮ ಯಜಮಾನರಿಗೂ ಒಂದು ಮಾತು, ಈ ಪುಟವನ್ನು ಅವರು ಓದುತ್ತಾರೆ ಎಂದುಕೊಂಡಿದ್ದೇನೆ. ಸ್ವಾಮಿ, ‘ನಿಲ್ಲಿಸು’ ಎನ್ನುವುದು ಸುಲಭ. ನಿಮ್ಮ ಗಾಣದ ಅಂಗಡಿಯನ್ನು ನಿಲ್ಲಿಸಿ ಮನೆ ನೋಡಿಕೊಳ್ಳಿ ಎಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ಆ ಸಂಜೆ ಮಗಳ ಕೈಯಲ್ಲಿದ್ದದ್ದು ನಿಮ್ಮ ಮೊಬೈಲು. ಅಂದರೆ ನೀವೂ ಮನೆಯಲ್ಲೇ ಇದ್ದಿರಿ. ಅನ್ನಕ್ಕೆ ಮೊಸರು ಕಲಸಲು ಯಾವ ತಂಡ ಬೇಕು?

ಮಾಡಬೇಕಾದ್ದನ್ನು ಕೇಳಿದ್ದೀರಿ, ಹೇಳಿಬಿಡುತ್ತೇನೆ. ಸಂತೆ ಮಾಡಿ. ಮಂಗಳವಾರ ಆರ್ಡರ್ ತೆಗೆದುಕೊಳ್ಳಿ, ಶುಕ್ರವಾರ ಕಳುಹಿಸಿ. ವಿಡಿಯೊ ಹಾಕಲೇಬೇಕೆಂದಿದ್ದರೆ ಸೋಮವಾರ ಒಂದು, ಅದೂ ಕೊಬ್ಬರಿಯದ್ದು, ಮಗಳದ್ದಲ್ಲ. ನೀವು ಬಳಸುವ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ವ್ಯಾಪಾರದ ವೇಳೆ ಬರೆಯುವ ಜಾಗವಿದೆ, ವೇಳೆ ಮೀರಿದರೆ ತಾನಾಗಿ ಹೋಗುವ ಉತ್ತರವನ್ನು ಬೇರೆಯಾಗಿ ಇಡುವ ಅನುಕೂಲವೂ ಇದೆ. ಅಲ್ಲಿ ‘ನಮ್ಮ ತಂಡ’ವನ್ನು ಅಳಿಸಿ, ‘ಊಟಕ್ಕೆ ಕುಳಿತಿದ್ದೇನೆ, ಮಂಗಳವಾರ ಬರೆಯಿರಿ’ ಎಂದು ನಿಮ್ಮದೇ ಮಾತಿನಲ್ಲಿ ಬರೆದಿಡಿ. ನಾಲ್ಕು ಗಿರಾಕಿ ತಪ್ಪಿಹೋಗುತ್ತಾರೆ, ಹೋಗಲಿ. ಬೀಡಿಯವನು ಬೆಳಿಗ್ಗೆ ಬರುತ್ತಾನೆ.

ಈಗ ನನ್ನ ಯೋಗ್ಯತೆಯ ವಿಷಯ. ನಿಮ್ಮ ಪತ್ರ ಓದಿದ ಶನಿವಾರ ನಾಲಿಗೆ ಕೇಳಬೇಕಲ್ಲ, ಪತ್ರದ ಕೊನೆಯಲ್ಲಿದ್ದ ನಂಬರಿಗೆ ‘ಅರ್ಧ ಕಿಲೊ ಚಟ್ನಿಪುಡಿ ಸಿಗಬಹುದೇ’ ಎಂದು ಬರೆದೆ. ಹೊತ್ತು ರಾತ್ರಿ 9 ಗಂಟೆ 50 ನಿಮಿಷ. ಮೊದಲು ನಿಮ್ಮ ತಂಡ ಧನ್ಯವಾದ ಹೇಳಿತು. ಒಂದು ನಿಮಿಷದೊಳಗೆ ನೀವೇ ‘ನಾಳೆ ಕಳುಹಿಸುತ್ತೇನೆ ಸರ್’ ಎಂದು ಬರೆದಿರಿ. ನಾನು ಬೇಡ ಎನ್ನಲಿಲ್ಲ.

ಭಾನುವಾರ ಮಧ್ಯಾಹ್ನ ನಿಮ್ಮ ಯಜಮಾನರೇ ತಂದುಕೊಟ್ಟರು. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ, ಆಹಾರ ಸುರಕ್ಷತಾ ನೋಂದಣಿಯ 14 ಅಂಕಿಗಳು ಎಲ್ಲವೂ ಸರಿಯಾಗಿದ್ದವು. ಒಳಗಿನ ಪುಡಿಯಲ್ಲಿ ಬೆಳ್ಳುಳ್ಳಿ ಒಂದೆಸಳೂ ಹೆಚ್ಚಾಗಿರಲಿಲ್ಲ. ಸ್ಕೂಟರಿನ ಮುಂದೆ ನಿಮ್ಮ ಮಗಳು ನಿಂತಿದ್ದಳು. ಊಟವಾಯಿತೇ ಮಗು ಎಂದು ಕೇಳಿದೆ.

‘ಅಮ್ಮ ಪ್ಯಾಕಿಂಗ್ ಮಾಡುತ್ತಿದ್ದಾಳೆ’ ಎಂದಳು.